ನಮ್ಮ ಬಟನ್ ಡಬ್ಬಿಯ ಮೇಲೆ ಕುಳಿತಿರುವ ತಮ್ಮ ಬಾಂಬು

ಆಕಾಶಮಾರ್ಗವಾಗಿ ಪರದೇಶಗಳಿಗೆ ಪ್ರಜಾಪ್ರಭುತ್ವ ತಲುಪಿಸುವ ಸೇನೆಯ ದೊಡ್ಡ ಸಾಹೇಬರ ಸನ್ನಿಧಾನಕ್ಕೆ, ಚಾವಣಿ ಕಳೆದುಕೊಂಡ ಟೈಲರ್ ಒಬ್ಬನ ತಲೆಬಾಗಿದ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ, ಮೇಜಿನ ಕೆಳಗೆ, ಕ್ಷೇಮ. ಕಳೆದ ಮಂಗಳವಾರ ತಾವು ಕಳುಹಿಸಿದ ಪ್ರಜಾಪ್ರಭುತ್ವ ನಮ್ಮ ಅಂಗಡಿಯ ಚಾವಣಿ ಒಡೆದು, ಅರ್ಧ ಹೊಲಿದಿದ್ದ ಮದುಮಗನ ಕೋಟಿನ ತೋಳು ಹರಿದು, ಪುಣ್ಯಕ್ಕೆ ಸಿಡಿಯದೆ, ಸೀದಾ ಬಟನ್ ಡಬ್ಬಿಯ ಮೇಲೆ ಬಂದು ಕುಳಿತಿದೆ. ಮೂವತ್ತು ವರ್ಷದಿಂದ ಸೂಜಿಗೆ ದಾರ ಪೋಣಿಸುತ್ತಿರುವ ನನಗೂ ಇಂಥ ಗುರಿ ಒಲಿದಿಲ್ಲ.

ಆ ಡಬ್ಬಿ ಸಾಮಾನ್ಯದ್ದಲ್ಲ. ನೀರಿನ ನಲ್ಲಿಯ ಸರದಿಯಿಂದ ಹಿಡಿದು ಬೀದಿಯ ಹಿರಿಯನ ಆಯ್ಕೆಯವರೆಗೆ ನಮ್ಮ ಬೀದಿಯ ತೀರ್ಮಾನವೆಲ್ಲ ಅದರಲ್ಲೇ ಆಗುವುದು: ಬೇಕೆಂದರೆ ಬಿಳಿ ಬಟನ್, ಬೇಡವೆಂದರೆ ಕರಿ. ಎಣಿಸುವವರು ನಮ್ಮತ್ತೆ, ಸ್ವಂತ ಅಳಿಯನಾದ ನನ್ನನ್ನೇ ಮೂರು ಸಲ ಸೋಲಿಸಿದ ನಿಷ್ಪಕ್ಷಪಾತಿ. ಮತ ಹಾಕುವುದನ್ನು ಕಲಿಸಲು ಬಂದ ತಾವು ಮತಪೆಟ್ಟಿಗೆಯನ್ನೇ ಅಪ್ಪಚ್ಚಿ ಮಾಡಿದ್ದು ವಿಶೇಷ.

ತಮ್ಮ ಕಿರಿಯ ಅಧಿಕಾರಿ ಬಂದು ಎಲ್ಲರಿಗೂ ಕರಪತ್ರ ಹಂಚಿದರು. ಬಾಂಬು ಎತ್ತಲು ಚುನಾಯಿತ ಸರ್ಕಾರದ ಸಹಿ ಬೇಕಂತೆ. ಚುನಾವಣೆಯ ಮತಗಟ್ಟೆ ನಮ್ಮ ಅಂಗಡಿಯೇ ಅಂತೆ. ಬಾಂಬು ಎತ್ತುವವರೆಗೆ ಅಂಗಡಿಯೊಳಗೆ ಹೊರಗಿನವರು ಯಾರೂ ಕಾಲಿಡಬಾರದಂತೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ತಮ್ಮ ಕಚೇರಿಯಲ್ಲೇ ಹುಟ್ಟಿರಬೇಕು. ಅತ್ತೆ ಹೇಳಿದ್ದು ಇಷ್ಟೇ: “ಬಾಗಿಲು ತಟ್ಟಿ ಬಂದಿದ್ರೆ ನಾವೇ ಕಲಿಸ್ತಿದ್ವಲ್ಲಪ್ಪ.” ಅಧಿಕಾರಿ ಅದನ್ನು ‘ಜನತೆಯಿಂದ ಸ್ವಾಗತ’ ಎಂದು ಬರೆದುಕೊಂಡು ಹೋದರು.

ಹೊಟ್ಟೆ ಉರಿಯುತ್ತದೆ, ಸ್ವಾಮಿ. ಈ ಅಂಗಡಿ ಬಿಟ್ಟರೆ ನನಗೆ ಬೇರೆ ಗತಿಯಿಲ್ಲ, ಆ ಡಬ್ಬಿ ಬಿಟ್ಟರೆ ಬೀದಿಗೆ ಬೇರೆ ನ್ಯಾಯವಿಲ್ಲ. ಆದ್ದರಿಂದ ಬಾಂಬು ಬಂದ ದಾರಿಯಲ್ಲೇ, ಅದೇ ತೂತಿನಿಂದ, ಮೇಲಕ್ಕೆ ಮರಳುವಂತೆ ತಾವು ಆಜ್ಞೆ ಮಾಡಬೇಕು. ಅದು ಇಲ್ಲೇ ನೆಲೆಸುವುದಾದರೆ ಬೆತ್ತಲೆ ಕೂರುವುದು ಮರ್ಯಾದೆಯಲ್ಲ. ಒಂದು ಗವಸು ಹೊಲಿದು ಕೊಡುತ್ತೇನೆ. ಆದರೆ ಸೊಂಟದ ಅಳತೆ ತೆಗೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿಯಲು ತಾವೇ ಖುದ್ದಾಗಿ ಬರಬೇಕು.

ಬಾಂಬಿನಿಂದ ಎರಡು ಮಾರು ದೂರದಲ್ಲಿ, ಉಸಿರು ಬಿಗಿಹಿಡಿದು,
ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ಟೈಲರ್

ತಾ.ಕ.: ತಮ್ಮ ಸೇನೆ ಇನ್ನೂ ಇಲ್ಲಿರಬೇಕೇ ಎಂದು ಬೀದಿಯವರು ನಿನ್ನೆ ಮತ ಹಾಕಿದೆವು. ಡಬ್ಬಿ ಸಿಗದ ಕಾರಣ ಅವರವರ ಅಂಗಿಯ ಬಟನ್ನುಗಳನ್ನೇ ಕಿತ್ತುಕೊಟ್ಟರು. ಎಲ್ಲರೂ ಎದೆ ತೆರೆದು ಓಡಾಡುವುದನ್ನು ದಯವಿಟ್ಟು ಸ್ವಾಗತವೆಂದು ಬರೆದುಕೊಳ್ಳಬೇಡಿ. ನಲವತ್ತೊಂದು ಕರಿ, ಒಂದು ಬಿಳಿ. ಆ ಬಿಳಿ, ಕೋಟು ಹರಿದು ಮದುವೆ ಮುಂದಕ್ಕೆ ಹೋದ ಮದುಮಗನದು. ಬಹುಮತಕ್ಕೆ ತಲೆಬಾಗಬೇಕೆಂದು ತಮ್ಮ ಕರಪತ್ರದ ಎರಡನೇ ಪುಟದಲ್ಲೇ ಇದೆ.