ಚಿಪ್ಪಿನ ಕಂಪನಿಯ ತಿರುಗುವ ಕುರ್ಚಿ

ಕೆಲವರಿಗೆ ಕಾಫಿಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಕುರ್ಚಿಯ ಚಟ. ಇದನ್ನು ಒಪ್ಪಿಕೊಳ್ಳಲು ನನಗೆ ಅರವತ್ತೆರಡು ವರ್ಷ ಬೇಕಾಯಿತು. ರಾಜಕಾರಣಿಗಳ ಕುರ್ಚಿಯ ಆಸೆಯೇ ಬೇರೆ. ಅವರಿಗೆ ಕುರ್ಚಿಯ ಹಿಂದೆ ಬರುವ ಕಾರು, ಹಾರ, ಶಾಲು ಎಲ್ಲವೂ ಬೇಕು. ನನಗೆ ಬರೀ ಕುರ್ಚಿ ಸಾಕು. ಒರಗಲು ಬೆನ್ನಿರಬೇಕು, ಕೈಯಿಡಲು ಜಾಗವಿರಬೇಕು, ದೇವರು ಇನ್ನೂ ಸ್ವಲ್ಪ ದೊಡ್ಡ ಮನಸ್ಸು ಮಾಡಿದರೆ ಅದು ತಿರುಗಬೇಕು. ಈ ಆಸೆಗೆ ಕಾರಣವಿದೆ. ವಿದ್ಯುತ್ ಕಚೇರಿಯೊಂದರ ದೂರು ವಿಭಾಗದಲ್ಲಿ ಮೂವತ್ತು ವರ್ಷ ಫೋನ್ ಎತ್ತಿದವನು ನಾನು. "ಲೈನ್‌ಮನ್ ಹೊರಟಿದ್ದಾರೆ, ಇನ್ನೇನು ಬಂದುಬಿಡ್ತಾರೆ" ಎಂಬ ಒಂದೇ ಮಾತನ್ನು ಮೂವತ್ತು ವರ್ಷ ನಾನಾ ರಾಗಗಳಲ್ಲಿ ಹೇಳಿದ್ದೇನೆ. ಅಷ್ಟೂ ವರ್ಷ ಕೂತದ್ದು ಒಂದು ಸ್ಟೂಲಿನ ಮೇಲೆ. ಅದರ ಒಂದು ಕಾಲು ಗಿಡ್ಡ. ಆ ಕಾಲಿನ ಕೆಳಗೆ ತುಂಬಿಹೋದ ದೂರು ಪುಸ್ತಕವೊಂದನ್ನು ಇಟ್ಟುಕೊಂಡಿದ್ದೆ. ಆ ಪುಸ್ತಕದಿಂದ ಪ್ರಯೋಜನ ಪಡೆದವನು ನಾನೊಬ್ಬನೇ ಇರಬೇಕು.

ನಿವೃತ್ತನಾಗಿ ತಿಪಟೂರಿನ ಮನೆಯಲ್ಲಿ ನೆಮ್ಮದಿಯಾಗಿದ್ದವನನ್ನು ನಮ್ಮ ನೆಂಟರಿಷ್ಟರು ಒಂದು ಕಂಪನಿಗೆ ಎಳೆದರು. ನಮ್ಮ ಕಡೆ ಕಾಯಿ ಅಟ್ಟದ ಮೇಲೆ ಕೂತು ಕೊಬ್ಬರಿಯಾಗುತ್ತದೆ, ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತದೆ, ಚಿಪ್ಪು ಮಾತ್ರ ಹಿತ್ತಲಲ್ಲಿ ಗುಡ್ಡೆಯಾಗಿ ಉಳಿಯುತ್ತದೆ. ಆ ಚಿಪ್ಪನ್ನು ಉಸಿರು ಕಟ್ಟಿಸಿದ ಹಾಗೆ ಅರೆಬರೆ ಗಾಳಿಯಲ್ಲಿ ಸುಟ್ಟರೆ ಒಂದು ಗ್ಯಾಸು ಬರುತ್ತದೆ, ಆ ಗ್ಯಾಸಿನಿಂದ ಎಂಜಿನ್ ಓಡುತ್ತದೆ, ಎಂಜಿನ್ನಿನಿಂದ ಕರೆಂಟು ಬರುತ್ತದೆ. ಇದು ಕಂಪನಿಯ ಉದ್ದೇಶ. ಮೊದಲು "ಚಿಪ್ಪುಶಕ್ತಿ" ಎಂದು ಹೆಸರಿಡುವ ಮಾತಿತ್ತು. ನನ್ನ ಹೆಂಡತಿ ಗಿರಿಜ ಅದನ್ನು ಕೇಳಿ, ಸೇರಿದವರ ಕೈಗೆ ಚಿಪ್ಪು ಕೊಡುತ್ತೇವೆ ಅಂತ ನೀವೇ ಬೋರ್ಡು ಬರೆಸಿ ಹಾಕಿದರೆ ಯಾರು ತಾನೇ ಸೇರುತ್ತಾರೆ ಎಂದಳು. ಆಮೇಲೆ ನಮ್ಮ ನೊಣವಿನಕೆರೆ ಚಿಕ್ಕಪ್ಪ "ನಾರಿಕೇಳ ನಿರ್ಧೂಮ ಇಂಧನ ತಂತ್ರಜ್ಞಾನ ಸಂಸ್ಥೆ" ಎಂಬ ಹೆಸರು ಕೊಟ್ಟರು. ಅದನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲವರು ಚಿಕ್ಕಪ್ಪ ಒಬ್ಬರೇ, ಅದೂ ಹಲ್ಲಿನ ಸೆಟ್ಟು ಹಾಕಿಕೊಂಡಿದ್ದಾಗ. ಹೀಗಾಗಿ ಊರವರೆಲ್ಲ ಚಿಪ್ಪಿನ ಕಂಪನಿ ಎಂದೇ ಕರೆಯುತ್ತಾರೆ.

ನಿರ್ದೇಶಕ ಮಂಡಳಿಯಲ್ಲಿ ಐದು ಜನ. ನಾನು, ಚಿಕ್ಕಪ್ಪ, ಕೊಬ್ಬರಿ ವ್ಯಾಪಾರಿಯಾದ ನನ್ನ ಬಾಮೈದ ಮಹಾಲಿಂಗ, ದಬ್ಬೇಘಟ್ಟದ ಶಾರದಮ್ಮ ಮತ್ತು ಮೆಕ್ಯಾನಿಕ್ ರಹಮತ್ ಭಾಯಿ. ಇವರಲ್ಲಿ ಕೆಲಸ ಗೊತ್ತಿರುವುದು ರಹಮತ್ ಭಾಯಿಗೆ ಮಾತ್ರ. ಆ ಮಿಷನ್ನನ್ನು ಒಂದೊಂದೇ ನಟ್ಟು ಬಿಗಿದು ನಿಲ್ಲಿಸಿದವರು ಅವರೇ. ಅಧ್ಯಕ್ಷರು ಯಾರಾಗಬೇಕು ಎಂಬ ಮಾತು ಬಂದಾಗ ಚಿಕ್ಕಪ್ಪ, "ಕರೆಂಟಿನ ವಿಚಾರ ನಮ್ಮಲ್ಲಿ ಗೊತ್ತಿರೋನು ಇವನೊಬ್ಬನೇ ಕಣಪ್ಪ" ಎಂದು ನನ್ನ ಕಡೆ ಕೈ ತೋರಿಸಿದರು. ಕರೆಂಟು ಹೋಗುವ ವಿಚಾರ ಮಾತ್ರ ನನಗೆ ಗೊತ್ತಿರುವುದು, ಬರುವ ವಿಚಾರ ಗೊತ್ತಿಲ್ಲ ಎಂದು ಆಗಲೇ ಹೇಳಬೇಕಿತ್ತು. ಅಷ್ಟರಲ್ಲಿ ಅಧ್ಯಕ್ಷರಿಗೆಂದು ತರಿಸಿದ್ದ ಕುರ್ಚಿ ಕಣ್ಣಿಗೆ ಬಿತ್ತು. ಕಪ್ಪು ಬಣ್ಣ, ಎತ್ತರದ ಬೆನ್ನು, ಕೆಳಗೆ ಐದು ಚಕ್ರ. ನಾನು ಬಾಯಿ ಮುಚ್ಚಿಕೊಂಡು ಹೋಗಿ ಕೂತೆ.

ನಾಯಕತ್ವ ಎಂದರೇನು ಎಂದು ಯಾರಾದರೂ ಕೇಳಿದರೆ ಈಗ ಹೇಳಬಲ್ಲೆ. ಯಾರು ಮಾತಾಡುತ್ತಾರೋ ಅವರ ಕಡೆಗೆ ಕುರ್ಚಿಯನ್ನು ತಿರುಗಿಸುವುದು. ಶಾರದಮ್ಮ ಮಾತಾಡಿದರೆ ಎಡಕ್ಕೆ, ಚಿಕ್ಕಪ್ಪ ಮಾತಾಡಿದರೆ ಬಲಕ್ಕೆ. ಇಬ್ಬರೂ ಜಗಳಕ್ಕೆ ನಿಂತರೆ ಕಿಟಕಿಯ ಕಡೆಗೆ. ತಿರುಗುವಾಗ ಅದು ಕಿರ್ರೆಂದು ಸದ್ದು ಮಾಡುತ್ತಿತ್ತು, ಆ ಸದ್ದಿಗೆ ಜನ ಮಾತು ನಿಲ್ಲಿಸುತ್ತಿದ್ದರು. ಸಭೆಯಲ್ಲಿ ಶಿಸ್ತು ಹೀಗೆ ಬಂತು. ನಾನಾಗಿ ಏನನ್ನೂ ತೀರ್ಮಾನಿಸಿದ ನೆನಪಿಲ್ಲ. ಆದರೂ ಮನೆಗೆ ಹೋಗುವಾಗ ಏನೋ ದೊಡ್ಡ ಕೆಲಸ ಮಾಡಿದ ಸುಸ್ತು ಇರುತ್ತಿತ್ತು.

ಒಂದು ಸಲ ಮಾತ್ರ ಎಡವಟ್ಟಾಯಿತು. ನಮ್ಮ ಕಚೇರಿ ಹಳೆಯ ಕೊಬ್ಬರಿ ಗೋಡೌನು. ಒಂದು ತುದಿಯಲ್ಲಿ ಸಭೆಯ ಮೇಜು, ಇನ್ನೊಂದು ತುದಿಯಲ್ಲಿ ಮಿಷನ್ನು, ನಡುವೆ ನುಣ್ಣನೆಯ ಸಿಮೆಂಟ್ ನೆಲ. ಯಾರೂ ಇಲ್ಲದ ಹೊತ್ತಿನಲ್ಲಿ ಮೇಜಿಗೆ ಕಾಲು ಕೊಟ್ಟು ಒದ್ದರೆ ಕುರ್ಚಿ ಎಷ್ಟು ದೂರ ಹೋಗಬಹುದು ಎಂಬ ಕುತೂಹಲ ನನಗೆ. ಅದು ಮಿಷನ್ನಿನವರೆಗೂ ಹೋಯಿತು. ನಿಲ್ಲಿಸಿಕೊಳ್ಳಲು ಕೈಗೆ ಸಿಕ್ಕಿದ್ದನ್ನು ಹಿಡಿದೆ. ಅದು ಗಾಳಿಯ ವಾಲ್ವು. ಎರಡೇ ನಿಮಿಷದಲ್ಲಿ ನಿರ್ಧೂಮ ಇಂಧನ ಸಂಸ್ಥೆಯಿಂದ ಎದ್ದ ಹೊಗೆ ನೋಡಿ ರಸ್ತೆಯ ಬಸ್ಸು ನಿಂತಿತು. ಹಿತ್ತಲಿನಿಂದ ಓಡಿಬಂದ ರಹಮತ್ ಭಾಯಿ ವಾಲ್ವು ಸರಿಮಾಡಿ, ಕೆಮ್ಮುತ್ತಿದ್ದ ನನ್ನನ್ನು ಕುರ್ಚಿ ಸಮೇತ ಮೇಜಿನ ಬಳಿಗೆ ತಳ್ಳಿಕೊಂಡು ಬಂದು ಬಿಟ್ಟರು. ಬೈದಿದ್ದರೆ ವಾಸಿಯಿತ್ತು.

ಇಷ್ಟಾದರೂ ಕುರ್ಚಿ ನನ್ನದೇ ಆಗಿತ್ತು. ಗಂಡಾಂತರ ಬಂದದ್ದು ನನ್ನ ಅವಧಿ ಮುಗಿಯುತ್ತ ಬಂದಾಗ. ಮಹಾಲಿಂಗ ಸಭೆಗೆ ನನಗಿಂತ ಮೊದಲೇ ಬರತೊಡಗಿದ. ಬಂದು ಕುರ್ಚಿಯಲ್ಲಿ ಕೂತಿರುತ್ತಿದ್ದ. ನನ್ನನ್ನು ಕಂಡರೆ ಎದ್ದು, "ಗಟ್ಟಿ ಐತಾ ನೋಡ್ತಿದ್ದೆ ಭಾವ" ಎನ್ನುತ್ತಿದ್ದ. ಇವನು ನೋಡುತ್ತಿರುವುದು ಕುರ್ಚಿಯ ಗಟ್ಟಿಯನ್ನಲ್ಲ ಎಂದು ನನಗೆ ಹೊಳೆಯಿತು. ಮನೆಯಲ್ಲಿ ಹೇಳಿದರೆ ಗಿರಿಜ, "ಅವನು ಚಿಕ್ಕೋನು ಕಣ್ರೀ, ಆಸೆ ಪಡ್ತಾನೆ, ಬುಡಿ" ಎಂದಳು. ಆ ಚಿಕ್ಕವನಿಗೆ ಐವತ್ತೈದು ವರ್ಷ, ಬೀಗರೂ ಬಂದಾಗಿದೆ. ನಾನು ಮಂಚದ ಮೇಲೆ ಮಲಗಿ ಬೆರಳು ಮಡಿಸಿದೆ. ನನಗೆ ನನ್ನದೊಂದು ಮತ, ಚಿಕ್ಕಪ್ಪನದೊಂದು. ಅವನಿಗೆ ಅವನದೊಂದು, ಶಾರದಮ್ಮನದೊಂದು, ಯಾಕೆಂದರೆ ಅವರ ಮಗನಿಗೆ ಕೊಟ್ಟಿರುವುದು ಮಹಾಲಿಂಗನ ಮಗಳನ್ನೇ. ರಹಮತ್ ಭಾಯಿ ಹೊಗೆಯ ದಿನದಿಂದ ನನ್ನ ಮುಖ ನೋಡಿ ನಕ್ಕಿಲ್ಲ. ಎರಡಕ್ಕೆ ಮೂರು. ಸ್ಟೂಲಿನ ನೆನಪಾಗಿ ಬೆವರು ಬಂತು.

ಆ ಸಮಯಕ್ಕೆ ಸರಿಯಾಗಿ ತುಮಕೂರಿನಲ್ಲಿ ಕಂಪನಿಗಳ ಅಧ್ಯಕ್ಷರಿಗೆಂದು ಎರಡು ದಿನದ ತರಬೇತಿ ಬಂತು. ಪಾಠ ಹೇಳಿದ ಹುಡುಗಿ ಬಹಳ ಚುರುಕು. ಮಂಡಳಿಯ ಮುಂದೆ ಬರುವ ವಿಷಯಕ್ಕೂ ಯಾವುದೇ ನಿರ್ದೇಶಕರಿಗೂ ಸಂಬಂಧವಿದ್ದರೆ ಅದನ್ನು ಮೊದಲೇ ತಿಳಿಸಿ, ತೀರ್ಮಾನವಾಗುವವರೆಗೆ ಆಚೆ ಹೋಗಬೇಕು, ಇದೇ ಒಳ್ಳೆಯ ಆಡಳಿತದ ಲಕ್ಷಣ ಎಂದಳು. ನಾನು ನಿದ್ದೆಯಿಂದ ಎದ್ದು ಕೂತೆ. ಬೀಗಿತಿ ಎಂದರೆ ಸಂಬಂಧವಲ್ಲದೆ ಇನ್ನೇನು? ಶಾರದಮ್ಮ ಆಚೆ ಹೋದರೆ ಎರಡಕ್ಕೆ ಎರಡು, ಸಮ ಬಂದರೆ ಅಧ್ಯಕ್ಷರದೇ ಕೊನೆಯ ಮತ. ಖುಷಿಗೆ ಮುಂದಿನ ಪಾಠ ಕಿವಿಗೆ ಬೀಳಲಿಲ್ಲ. ಸಭೆಗೆ ಕನಿಷ್ಠ ಎಷ್ಟು ಜನ ಇರಬೇಕು ಎಂಬ ಪಾಠ ಅದು ಎಂದು ಆಮೇಲೆ ಗೊತ್ತಾಯಿತು.

ಊರಿಗೆ ಬಂದವನೇ ನಿಯಮವನ್ನು ಸಭೆಯ ಮುಂದಿಟ್ಟೆ. ಅವತ್ತು ಊಟಕ್ಕೆ ಹೋಳಿಗೆ ಇತ್ತು. ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಓದಿದ್ದರಿಂದ ಎಲ್ಲರೂ ಒಪ್ಪಿ ಕೈ ಎತ್ತಿದರು. ಅದರ ಮುಂದಿನ ಸಭೆಯೇ ಅಧ್ಯಕ್ಷರ ಆಯ್ಕೆ. ನಾನೂ ಮಹಾಲಿಂಗನೂ ಇಬ್ಬರೂ ನಿಂತಿದ್ದೆವು. ನಾನು ಗಂಟಲು ಸರಿಮಾಡಿಕೊಂಡು, ನಿಯಮದ ಪ್ರಕಾರ ಸಂಬಂಧ ಇದ್ದವರು ತಿಳಿಸಿ ಆಚೆ ಹೋಗತಕ್ಕದ್ದು ಎಂದು ಓದಿ, ಕುರ್ಚಿಯನ್ನು ಮೆಲ್ಲಗೆ ಶಾರದಮ್ಮನ ಕಡೆಗೆ ತಿರುಗಿಸಿದೆ.

ಶಾರದಮ್ಮ ಒಂಚೂರೂ ಬೆದರಲಿಲ್ಲ. "ನಾನು ಬೀಗಿತಿ, ಆಚೆ ಹೋಗ್ತೀನಿ. ನೀವು ಅವರಕ್ಕನ ಗಂಡ ಅಲ್ವಾ? ಸಾಲದ್ದಕ್ಕೆ ನಿಂತಿರೋರೂ ನೀವೇ. ನಿಮಗೂ ನಿಮಗೂ ಸಂಬಂಧ ಇಲ್ವಾ?" ಎಂದರು.

ಇದನ್ನು ನಾನು ಯೋಚಿಸಿರಲಿಲ್ಲ. ಅದೇ ಲೆಕ್ಕದಲ್ಲಿ ಮಹಾಲಿಂಗನೂ ಆಚೆ ಎಂದೆ. ಆಗ ಚಿಕ್ಕಪ್ಪ ತಾವೂ ಕೋಲು ಹಿಡಿದು ಎದ್ದರು. ನೀವ್ಯಾಕೆ ಎಂದರೆ, ನಾನು ನಿಮ್ಮಪ್ಪನ ತಮ್ಮ ಅಲ್ಲವೇನೋ ಎಂದರು. ಹುಟ್ಟಿದಾಗಿನಿಂದ ಚಿಕ್ಕಪ್ಪ ಎಂದೇ ಕರೆಯುತ್ತಿದ್ದರೂ ಅವರು ನನಗೆ ಸಂಬಂಧಿ ಎಂಬುದು ತಲೆಗೆ ಹೊಳೆದಿರಲಿಲ್ಲ. ಇದರ ಮೇಲೆ ಸಂಬಂಧಗಳನ್ನು ಪೂರ್ತಿ ತಿಳಿಸಬೇಕು ಎಂದು ನಿಯಮದಲ್ಲೇ ಇದೆಯಲ್ಲ ಎಂದು ಚಿಕ್ಕಪ್ಪ ಹುಳಿಯಾರಿನ ಅಜ್ಜಿಯಿಂದ ಶುರುಮಾಡಿದರು. ಶಾರದಮ್ಮನ ತಾಯಿಯ ಕಡೆಯವರೂ ಹುಳಿಯಾರಿನವರೇ. ಅರ್ಧ ಗಂಟೆಯಲ್ಲಿ ಚಿಕ್ಕಪ್ಪನ ಮೊಮ್ಮಗಳಿಗೂ ಶಾರದಮ್ಮನ ತಂಗಿಯ ಮಗನಿಗೂ ಮದುವೆಗೆ ವರಸೆ ಸರಿಹೋಗುತ್ತದೆ ಎಂಬಲ್ಲಿಗೆ ಸಭೆ ಬಂದು ಮುಟ್ಟಿತು. ಹುಡುಗನ ಫೋಟೊ ಮೊಬೈಲಿನಲ್ಲಿ ನಿರ್ದೇಶಕರೆಲ್ಲರ ಕೈಗೂ ಹೋಗಿ ಬಂತು.

ಕೊನೆಗೆ ನಾಲ್ವರೂ ಆಚೆ ಹೊರಟೆವು. ರಹಮತ್ ಭಾಯಿ ಗಾಬರಿಯಿಂದ, ತಮಗೂ ನಾವೆಲ್ಲ ಬೇಕಾದವರೇ, ತಾವೂ ಬರುವುದಾಗಿ ಹೇಳಿದರು. ನಿಯಮ ತಂದವನು ನಾನಾದ್ದರಿಂದ ಗಂಭೀರವಾಗಿ, ಬೇಕಾದವರು ಬೇರೆ, ಸಂಬಂಧಿಗಳು ಬೇರೆ, ನೀವು ಕೂರಿ ಎಂದು ಹೇಳಿ ಬಾಗಿಲು ಎಳೆದುಕೊಂಡೆ.

ಹೊರಗೆ ಸುಡುಬಿಸಿಲು. ನೆರಳಿಗೇನೂ ಕೊರತೆಯಿಲ್ಲ, ಆದರೆ ಎಲ್ಲ ನೆರಳಿನ ಮೇಲೂ ತೆಂಗಿನಕಾಯಿ ತೂಗುತ್ತಿತ್ತು. ಆಡಳಿತ ಮಂಡಳಿಯ ನಾಲ್ವರೂ ಒಂದೊಂದು ಮರದ ಕೆಳಗೆ ನಿಂತು, ಮೇಲೆ ನೋಡಿ, ಮುಂದಿನ ಮರಕ್ಕೆ ಹೋಗುತ್ತ ಹೋಗುತ್ತ ಕೊನೆಗೆ ರಸ್ತೆಯಾಚೆಯ ಹೊಂಗೆ ಮರ ಸೇರಿದೆವು. ಅಲ್ಲಿ ಯಾರದೋ ಎಮ್ಮೆ ಕಟ್ಟಿತ್ತು. ಅದು ನಮಗೆ ಜಾಗ ಬಿಡಲಿಲ್ಲ, ಹೊಂದಿಕೊಂಡು ನಿಂತೆವು. ಚಿಕ್ಕಪ್ಪನೂ ಶಾರದಮ್ಮನೂ ಜಾತಕದ ಮಾತಿಗಿಳಿದರು. ನಾನೂ ಮಹಾಲಿಂಗನೂ ಎಮ್ಮೆಯ ಆಚೆ ಒಬ್ಬರು ಈಚೆ ಒಬ್ಬರು ನಿಂತಿದ್ದೆವು.

ಸ್ವಲ್ಪ ಹೊತ್ತಾದ ಮೇಲೆ ಮಹಾಲಿಂಗ ಕತ್ತು ಉದ್ದ ಮಾಡಿ ಕಿಟಕಿಯೊಳಗೆ ನೋಡಿ, "ಭಾವ, ಭಾಯಿ ಕುರ್ಚಿ ಮೇಲೆ ಕೂತವ್ರೆ" ಎಂದ. ನೋಡಿದರೆ ನಿಜ. ಕೂತು ಒಂದು ಸುತ್ತು ತಿರುಗಿಯೂ ನೋಡಿದರು. ಆಮೇಲೆ ಇಳಿದು ಕುರ್ಚಿಯನ್ನು ತಲೆಕೆಳಗು ಮಾಡಿ ಸ್ಪ್ಯಾನರ್ ತೆಗೆದರು. ಆ ಗಳಿಗೆಯಲ್ಲಿ ನಾನೂ ಮಹಾಲಿಂಗನೂ ಎಷ್ಟೋ ದಿನಗಳ ಮೇಲೆ ಮೊದಲ ಸಲ ಒಂದಾದೆವು. ಇವರೇ ಅಧ್ಯಕ್ಷರಾಗಿಬಿಟ್ಟರೆ ಏನು ಗತಿ ಎಂದು ಅವನು ನನ್ನನ್ನು ಕೇಳಿದ, ನಾನು ಅವನನ್ನು ಕೇಳಿದೆ. ಭಾಯಿ ತಮಗೆ ತಾವೇ ಸಂಬಂಧಿ, ಹಾಗಾಗಿ ಅಧ್ಯಕ್ಷರಾಗುವ ಹಾಗಿಲ್ಲ ಎಂದು ಇಬ್ಬರೂ ಸಮಾಧಾನ ಮಾಡಿಕೊಂಡೆವು.

ರಹಮತ್ ಭಾಯಿ ಕೈ ಒರೆಸಿಕೊಳ್ಳುತ್ತ ಬಂದು ನಮ್ಮನ್ನು ಒಳಗೆ ಕರೆದರು. ನಡಾವಳಿ ಪುಸ್ತಕದಲ್ಲಿ ಹೀಗೆ ಬರೆದಿಟ್ಟಿದ್ದರು: ಹಾಜರಿದ್ದವರೆಲ್ಲರೂ ಕೂಲಂಕಷವಾಗಿ ಚರ್ಚಿಸಿ, ಈಗಿರುವ ಅಧ್ಯಕ್ಷರನ್ನೇ ಸರ್ವಾನುಮತದಿಂದ ಮುಂದುವರಿಸಿದ್ದಾರೆ. ಮಹಾಲಿಂಗನ ಮುಖ ಸಪ್ಪಗಾಯಿತು. ನನ್ನ ಸಂತೋಷಕ್ಕೆ ಪಾರವಿಲ್ಲ. ಅಲ್ಲಿಗೆ ಸುಮ್ಮನಿದ್ದರೆ ನಾನು ಬುದ್ಧಿವಂತ ಎನಿಸಿಕೊಳ್ಳುತ್ತಿದ್ದೆ. ಬಾಮೈದನ ಎದುರಿಗೆ ಎರಡು ಒಳ್ಳೆಯ ಮಾತು ಕೇಳಿಸಲಿ ಎಂಬ ದುರಾಸೆಯಿಂದ, ಕಾರಣ ಏನೆಂದು ಸಭೆಗೆ ತಿಳಿಸಿ, ಆಡಳಿತ ಎಂದಮೇಲೆ ಮುಚ್ಚುಮರೆ ಇರಬಾರದು ಎಂದೆ. ಅವರು ಬೇಡ ಬಿಡಿ ಎಂದರು. ನಾನು ಬಿಡಲಿಲ್ಲ.

"ಮಹಾಲಿಂಗಣ್ಣ ಚುರುಕು ಮನುಷ್ಯ ಅಣ್ಣಾರೆ," ಎಂದರು ರಹಮತ್ ಭಾಯಿ. "ಅಧ್ಯಕ್ಷರಾದ್ರೆ ಏನಾದ್ರೂ ಒಂದು ಮಾಡೇ ಮಾಡ್ತಾರೆ. ಮಿಷನ್ ಹತ್ರ ಬತ್ತಾರೆ, ಅದ್ಯಾಕೆ ಇದ್ಯಾಕೆ ಅಂತಾರೆ, ಮುಟ್ತಾರೆ. ನೀವು ಆವತ್ತು ಒಂದಿನ ಬಿಟ್ರೆ ಕುರ್ಚಿ ಬಿಟ್ಟು ಅಲ್ಲಾಡಿಲ್ಲ. ನೀವು ಅಲ್ಲಿ ಕೂತಿದ್ರೆ ಮಿಷನ್ ನೆಮ್ಮದಿಯಾಗಿ ಓಡ್ತದೆ."

ನಾನು ಹೋಗಿ ಕುರ್ಚಿಯ ಮೇಲೆ ಕೂತೆ. ಯಾಕೋ ಕುಳ್ಳಗಾಗಿತ್ತು. ಮೇಜು ಎದೆಯ ಮಟ್ಟಕ್ಕೆ ಬಂದಿತ್ತು.

"ಎಣ್ಣೆ ಬಿಟ್ಟಿದೀನಿ, ಎಷ್ಟು ಬೇಕಾದ್ರೂ ತಿರುಗಿ," ಎಂದು ಅವರು ಮೆತ್ತಗೆ ಹೇಳಿದರು. "ಚಕ್ರ ಮಾತ್ರ ತೆಗ್ದಿದೀನಿ."

ಹೊಗೆಯ ದಿನವಾದ ಮೇಲೆ ಅವರು ಮೊದಲ ಸಲ ನನ್ನ ಮುಖ ನೋಡಿ ನಕ್ಕರು. ಶಾರದಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಮಹಾಲಿಂಗ ಮನಸ್ಸು ಬಿಚ್ಚಿ ನಕ್ಕು ಸೋತ ದುಃಖವನ್ನೆಲ್ಲ ಅಲ್ಲೇ ಮರೆತುಬಿಟ್ಟ. ಚಿಕ್ಕಪ್ಪನಿಗೆ ಮಾತ್ರ ಅರ್ಥವಾಗಲಿಲ್ಲ, ಅವರು ಫೋಟೊ ನೋಡುತ್ತಿದ್ದರು. ನಾನು ಅವಮಾನದಿಂದ ಕಿಟಕಿಯ ಕಡೆಗೆ ತಿರುಗಿದೆ. ಕುರ್ಚಿ ಸದ್ದೇ ಮಾಡಲಿಲ್ಲ. ಬಹಳ ಸೊಗಸಾಗಿ ತಿರುಗಿತು, ಅದರಲ್ಲಿ ಸುಳ್ಳು ಹೇಳಬಾರದು.

ಸಂಜೆ ಮನೆಗೆ ಬಂದು, ಸರ್ವಾನುಮತದಿಂದ ಆಯ್ಕೆಯಾದೆ ಎಂದು ಗಿರಿಜಳಿಗೆ ಹೇಳಿದೆ. ಅವಳು ಆಗಲೇ ತಮ್ಮನ ಹತ್ತಿರ ಫೋನಿನಲ್ಲಿ ಮಾತಾಡಿ ಮುಗಿಸಿದ್ದಳು ಎಂದು ಅವಳ ಮುಖವೇ ಹೇಳುತ್ತಿತ್ತು. ಮಾತು ಬದಲಿಸಲು ಅಡುಗೆಮನೆಯ ಬಾಗಿಲಲ್ಲಿ ನಿಂತು, ಈ ದಿನದ ಸಂತೋಷಕ್ಕೆ ಉಪ್ಪಿಟ್ಟು ಗಿಪ್ಪಿಟ್ಟು ಬೇಡ, ಅವರೆಕಾಳು ಸಾರು ಮಾಡು ಎಂದೆ.

ಅವಳು ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ಉಣ್ಣೋರು ನೀವಲ್ವಾ? ಹಂಗಾದ್ರೆ ಸಂಬಂಧ ಇದೆ. ತೀರ್ಮಾನ ಆಗೋವರೆಗೂ ಆಚೆ ಹೋಗಿ" ಎಂದಳು.

ನಿಯಮ ತಂದವನು ನಾನೇ. ಜಗಲಿಗೆ ಬಂದು, ತಿರುಗದ, ಉರುಳದ ನಮ್ಮ ಮನೆಯ ಹಳೆಯ ಕುರ್ಚಿಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ತಟ್ಟೆ ಬಂತು. ಉಪ್ಪಿಟ್ಟು. ಸರ್ವಾನುಮತದಿಂದ ತಿಂದೆ.