ಬ್ಯಾಂಕಿನ ವೇಳೆಗೆ ಘಮಘಮಿಸುವ ಹೂವು

ಹೂವು ಗಿಡದಲ್ಲಿದ್ದರೇ ಚೆಂದ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಮೈಸೂರಿನಲ್ಲಿ ಸಂಜೆಯಾದರೆ ಬೀದಿಯಲ್ಲಿ ಹೂವಿನವಳ ಕೂಗು ಕೇಳುತ್ತ ಬೆಳೆದವಳು ನಾನು. ಹೂವೆಂದರೆ ಮೊದಲು ದೇವರಿಗೆ, ಆಮೇಲೆ ತಲೆಗೆ. ಕುಂಡದಲ್ಲೇ ಇದ್ದು ಒಣಗಿಹೋಗುವುದಕ್ಕೂ ಹೂ ಬೆಳೆಸುತ್ತಾರೆ ಎಂಬುದು ಗೊತ್ತಾದದ್ದು ಬ್ಯಾಂಕಿನವರು ನನ್ನನ್ನು ಕೊಚ್ಚಿಗೆ ವರ್ಗ ಮಾಡಿದ ಮೇಲೆ. ಕಲೂರಿನ ನಮ್ಮ ಫ್ಲ್ಯಾಟುಗಳಲ್ಲಿ ಆಗ ಆರ್ಕಿಡ್ ಹುಚ್ಚು ಹಬ್ಬಿತ್ತು. ಬಟ್ಟೆ ಒಣಹಾಕಲು ಜಾಗವಿಲ್ಲದವರೂ ಬಾಲ್ಕನಿಯಲ್ಲಿ ಆರ್ಕಿಡ್ ತೂಗುಹಾಕಿದ್ದರು. ಹೂ ವಾರಗಟ್ಟಲೆ ಬಾಡುವುದಿಲ್ಲ ಎಂದು ಹೊಗಳುವರು. ಮೂಗಿಟ್ಟರೆ ವಾಸನೆಯೇ ಇಲ್ಲ! "ಪ್ಲಾಸ್ಟಿಕ್ಕಿನದು ವರ್ಷಗಟ್ಟಲೆ ಬಾಡುವುದಿಲ್ಲ" ಎಂದು ಒಮ್ಮೆ ಬಾಯಿ ಹಾಕಿ, ಪಕ್ಕದ ಮನೆಯ ಲೀಲಾ ಚೇಚಿಯ, ಅಂದರೆ ಲೀಲಕ್ಕನ, ಕೋಪಕ್ಕೆ ಗುರಿಯಾದೆ. ಆರ್ಕಿಡ್ ವಿಷಯದಲ್ಲಿ ನಮ್ಮ ಕಟ್ಟಡಕ್ಕೆಲ್ಲ ಚೇಚಿಯೇ ಹೈಕೋರ್ಟು.

ತುಂಬಾದ ರಾಕೆಟ್ ಕೇಂದ್ರದಲ್ಲಿ ಕೆಲಸ ಮಾಡುತ್ತ ತಿರುವನಂತಪುರದಲ್ಲೇ ಕೋಣೆ ಮಾಡಿಕೊಂಡಿದ್ದ ನಮ್ಮ ಯಜಮಾನರು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ನನ್ನ ಗೊಣಗಾಟ ಕೇಳಿ ಕೇಳಿ, ಒಂದು ಶನಿವಾರ ರೈಲಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಒಂದು ಕುಂಡ ತಂದರು. "ಇದು ಪರಿಮಳದ ಜಾತಿ. ಚಾಕೊಲೇಟ್ ವಾಸನೆ ಬರುತ್ತಂತೆ" ಎಂದರು. ಕುಂಡದೊಳಗೆ ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆ. ನಮ್ಮತ್ತೆ ಬಗ್ಗಿ ನೋಡಿ, "ಮಣ್ಣೇ ಹಾಕಿಲ್ವಲ್ಲೋ, ಅಂಗಡಿಯವನು ನಿನಗೆ ಚೆನ್ನಾಗಿ ಟೋಪಿ ಹಾಕಿದಾನೆ" ಎಂದು ಮಗನಿಗಾಗಿ ಮರುಗಿದರು. ಆದರೂ ದಿನಾ ಅಕ್ಕಿ ತೊಳೆದ ನೀರು ಚಿಮುಕಿಸಿದವರು ಅವರೇ. ಎರಡು ಮಳೆಗಾಲ ಕಳೆದ ಮೇಲೆ ಮಾರ್ಚಿನಲ್ಲಿ, ಬ್ಯಾಂಕಿನ ವರ್ಷಾಂತ್ಯದ ಲೆಕ್ಕಕ್ಕೆ ನಾವೆಲ್ಲ ಭಾನುವಾರವೂ ದುಡಿಯುತ್ತಿದ್ದಾಗ, ಅದು ಒಂದೇ ಒಂದು ಉದ್ದನೆಯ ಗೊಂಚಲು ಬಿಟ್ಟು ಅರಳಿತು.

ಆ ಹೂವಿನ ಹಠ ನೋಡಿ! ಬಿಸಿಲೇರಿದ ಮೇಲೆ ಘಮಘಮ, ಸಂಜೆಯ ಹೊತ್ತಿಗೆ ಪೂರ್ತಿ ಬಂದ್. ನಾನು ಬೆಳಗ್ಗೆ ಹೊರಡುವಾಗ ಅದು ಇನ್ನೂ ತೆರೆದಿರುವುದಿಲ್ಲ. ಬರುವಷ್ಟರಲ್ಲಿ ಶಟರ್ ಎಳೆದಿರುತ್ತದೆ. ನಮ್ಮ ಬ್ಯಾಂಕೇ ಎಷ್ಟೋ ವಾಸಿ. "ಮಧ್ಯಾಹ್ನ ಮನೆಯೆಲ್ಲಾ ಘಂ ಅಂತಿತ್ತು ಕಣೇ" ಎಂದು ಅತ್ತೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರಿಸುವ ಮಗಳು, "ಅಮ್ಮೇ, ನಲ್ಲ ಮಣಂ!" ಎಂದು ಕಣ್ಣರಳಿಸಿದಳು. ಒಳ್ಳೇ ಪರಿಮಳವಂತೆ! ಭಾನುವಾರ ಮನೆಯಲ್ಲಿದ್ದ ಯಜಮಾನರೂ ಮೂಸಿದರು. ಹಾಲಿನವನೂ ಮೂಸಿದನಂತೆ. ಗಿಡದ ಯಜಮಾನಿ ಮಾತ್ರ ಸಂಜೆ ಗೊಂಚಲಿಗೆ ಮೂಗು ತಾಗಿಸಿ ನಿಂತು, ಹಸಿ ಸೊಪ್ಪಿನ ವಾಸನೆ ಕುಡಿದು ಒಳಗೆ ಬರುತ್ತಿದ್ದಳು. ನನಗೆ ಅಳುವೇ ಬರುತ್ತಿತ್ತು.

ಇದರ ಮೇಲೆ ಚೇಚಿಯ ತೀರ್ಪು ಬೇರೆ. ಬರುವ ಭಾನುವಾರ ನಮ್ಮ ಕಟ್ಟಡದ ಪುಷ್ಪ ಪ್ರದರ್ಶನ, ಈ ಗಿಡಕ್ಕೇ ಮೊದಲ ಬಹುಮಾನ, ಯಾರೂ ಮುಟ್ಟಕೂಡದು! ಆ ಭಾನುವಾರವೂ ನಾನು ಬ್ಯಾಂಕಿನಲ್ಲೇ. ಅಂದರೆ ನನ್ನ ಹೂವನ್ನು ಊರೆಲ್ಲ ಮೂಸಬೇಕು, ನಾನು ಪ್ರಶಸ್ತಿಪತ್ರ ಮೂಸಬೇಕು. "ಚೇಚಿ, ನಾಳೆ ನಾನು ಇದನ್ನು ಮುಡಿದುಕೊಂಡು ಬ್ಯಾಂಕಿಗೆ ಹೋಗ್ತೀನಿ" ಎಂದುಬಿಟ್ಟೆ. ಚೇಚಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಮೋಳೇ! ಅದು ಮುಡಿಯಿಲ್ ವೆಕ್ಕಾನುಳ್ಳ ಪೂವಲ್ಲ!" ಮುಡಿಯುವ ಹೂವಲ್ಲವಂತೆ! ಮುಡಿಯುವ ಹೂವು ಯಾವುದು, ಅಲ್ಲದ್ದು ಯಾವುದು ಎಂದು ಮೈಸೂರಿನವಳಿಗೆ ಹೇಳಿಕೊಡುವುದೇ? ನನಗೂ ರೇಗಿತು. ಬೇಕಾದರೆ ಭಾನುವಾರ ನನ್ನನ್ನೇ ಕುಂಡದಲ್ಲಿ ನಿಲ್ಲಿಸಿ ಬಹುಮಾನ ಕೊಡಲಿ ಎಂದುಕೊಂಡೆ.

ಮರುದಿನ ಬೆಳಗ್ಗೆ ಕತ್ತರಿ ಹಾಕಿದೆ. ದೇವರಿಗೆ ಎರಡು ಹೂವು, ಉಳಿದ ಗೊಂಚಲು ನನ್ನ ಜಡೆಗೆ. ಗಟ್ಟಿ ದಂಟು, ಸುಲಭಕ್ಕೆ ನಿಲ್ಲುವಂಥದ್ದಲ್ಲ. ಅತ್ತೆ ಮನೆಯಲ್ಲಿದ್ದ ಹೇರ್‌ಪಿನ್ನುಗಳನ್ನೆಲ್ಲ ಚುಚ್ಚಿ, ದಾರ ಸುತ್ತಿ, "ಇನ್ನು ಬಿರುಗಾಳಿ ಬಂದ್ರೂ ಅಲ್ಲಾಡಲ್ಲ" ಎಂದರು. ಮೆಟ್ಟಿಲಲ್ಲಿ ಎದುರಾದ ಚೇಚಿಯ ಮುಂದೆ ಬೇಕೆಂದೇ ನಿಧಾನವಾಗಿ ಇಳಿದೆ.

ಬಿಸಿಲೇರಿತು. ಬ್ಯಾಂಕು ತುಂಬಿತು. ಕ್ಯೂನಲ್ಲಿದ್ದವರು ಒಬ್ಬೊಬ್ಬರಾಗಿ ಮೂಗರಳಿಸತೊಡಗಿದರು. ಕೊನೆಗೆ ನನ್ನ ಹಿಂದಿನ ಕ್ಯಾಬಿನ್ನಿನಿಂದ ಮ್ಯಾನೇಜರರೇ ಎದ್ದು ಬಂದು, "ಇನ್ನ್ ಆರುಡೆ ಬರ್ತ್‌ಡೇಯಾ? ಕೇಕ್ ಎವಿಡೆ?" ಎಂದು ವಿಚಾರಿಸಿದರು. ಇವತ್ತು ಯಾರ ಹುಟ್ಟುಹಬ್ಬ, ಕೇಕು ಎಲ್ಲಿ ಅಂತ! ಕೇಕು ನನ್ನ ತಲೆಯಲ್ಲಿದೆ ಎಂದು ಹೆಮ್ಮೆಯಿಂದ ತಿರುಗಿ ತೋರಿಸಿದೆ. ತೋರಿಸಿದಾಗಲೇ ಹೊಳೆದದ್ದು: ಹೂವು ಹಿಂದಿದೆ, ಮೂಗು ಮುಂದಿದೆ. ಫ್ಯಾನೂ ಎದುರಿನಿಂದ ಬೀಸುತ್ತಿದೆ. ಇಷ್ಟು ವರ್ಷ ಮಲ್ಲಿಗೆ ಮುಡಿದಾಗಲೂ ಹೀಗೇ ಇತ್ತೇ? ಊಟದ ಹೊತ್ತಿಗೆ ಬಚ್ಚಲಿಗೆ ಓಡಿ ಎಳೆದೆ. ಕೂದಲು ಬಂತು, ಹೂವು ಬರಲಿಲ್ಲ.

ಸಂಜೆ ಅತ್ತೆ ಪಿನ್ನು ಬಿಚ್ಚುತ್ತ, "ಹೇಗಿತ್ತೇ ಘಮ?" ಎಂದರು. ಬಾಗಿಲಲ್ಲಿ ಚೇಚಿಯೂ ಕಿವಿಗೊಟ್ಟು ನಿಂತಿದ್ದರು. "ಏನು ಹೇಳಲಿ ಅತ್ತೆ, ತಲೆ ತಿರುಗಿಹೋಯಿತು" ಎಂದೆ, ಚೇಚಿಗೆ ಕೇಳುವ ಹಾಗೆ ಗಟ್ಟಿಯಾಗಿ. ಯಾರು ಏನೇ ಅನ್ನಲಿ, ಮುಂದಿನ ಹೂವನ್ನೂ ಮುಡಿಯುವುದೇ ಸೈ. ಜಡೆಯನ್ನು ಮಾತ್ರ ಮುಂದಕ್ಕೆ ಹಾಕಿಕೊಳ್ಳುತ್ತೇನೆ.