ಮಾಮನ ಟ್ರ್ಯಾಕ್ಟರಿಗೆ ಸಿಹಿನೀರೇ ಆಗಬೇಕು

ನಮ್ಮ ಮಾಮನ ಮನೆಯಲ್ಲಿ ಹೊಟ್ಟೆತುಂಬ ಸಿಹಿನೀರು ಕುಡಿಯುತ್ತಿದ್ದದ್ದು ಒಬ್ಬರೇ. ಮಾಮನಲ್ಲ, ಅವನ ಹೆಂಡತಿಯಲ್ಲ, ಅವನನ್ನು ಹೆತ್ತ ನಮ್ಮಜ್ಜಿಯಂತೂ ಅಲ್ಲವೇ ಅಲ್ಲ. ಅವನ ಟ್ರ್ಯಾಕ್ಟರ್! ಈ ಮಾತು ತೆಗೆದಾಗಲೆಲ್ಲ ನನ್ನ ಹೆಂಡತಿ, "ನಿಮ್ಮ ಮನಿತನದಾಗ ಯಾರ ಬಾಯಿಗೂ ಬೀಗ ಇಲ್ಲ ಬಿಡ್ರಿ" ಎನ್ನುತ್ತಾಳೆ. ಬೀಗ ಇಲ್ಲದ್ದು ನಿಜ. ಆದರೆ ಟ್ರ್ಯಾಕ್ಟರಿನ ವಿಷಯದಲ್ಲಿ ನಾನು ಸುಳ್ಳು ಹೇಳುವವನಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಾನ್ವಿಯಿಂದ ಮಲ್ಲಟದ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ನಡೆದರೆ ನಮ್ಮೂರು. ಊರ ಹೊರಗೆ ನಮ್ಮ ಕೇರಿ. ಕೇರಿಯಲ್ಲೂ ಒಂದು ಬಾವಿ ಇತ್ತು, ಇಲ್ಲವೆನ್ನುವಂತಿಲ್ಲ. ಅದರ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ. ಬರೀ ಸವಳು. ಸಿಹಿನೀರಿನ ಬಾವಿ ಊರೊಳಗೆ, ಗೌಡರ ಮನೆಯ ಮುಂದೆ. ಅದರ ಹಗ್ಗವನ್ನು ನಮ್ಮವರು ಮುಟ್ಟುವ ಹಾಗಿರಲಿಲ್ಲ. ಕೇರಿಯ ಹೆಂಗಸರು ಕಟ್ಟೆಯಿಂದ ದೂರದಲ್ಲಿ ಕೊಡ ಇಟ್ಟುಕೊಂಡು, "ಯವ್ವಾ, ಒಂದ್ ಕೊಡ ಹಾಕ್ರೀ" ಎಂದು ಬೇಡುತ್ತ ಬಿಸಿಲಲ್ಲಿ ನಿಲ್ಲಬೇಕು. ಸೇದಲು ಬಂದ ಯಾರಿಗಾದರೂ ಕರುಣೆ ಬಂದರೆ ಮೇಲಿಂದ ಸುರಿಯುವರು, ಸುರಿದ ಕೂಡಲೇ "ನಡೀರಿ, ನಡೀರಿ" ಎಂದು ಸಾಗಹಾಕುವರು. ಕಾನೂನು ಬೇರೆಯೇ ಹೇಳುತ್ತಿತ್ತಂತೆ. ಆದರೆ ಕಾನೂನಿಗೆ ಮಾನ್ವಿಯಲ್ಲಿ ಬಸ್ಸಿಳಿದು ನಮ್ಮೂರತನಕ ನಡೆದು ಬರಲು ಬೇಸರವಾಗಿತ್ತು. ನಮ್ಮಜ್ಜಿ ಹಾಗೆ ನಿಂತು ನಿಂತೇ ಮುದುಕಿಯಾದವಳು.

ಮಾಮಾ ರಾಯಚೂರಿನ ಅಕ್ಕಿ ಗಿರಣಿಯೊಂದರಲ್ಲಿ ಡ್ರೈವರ್ ಆಗಿದ್ದ. ಗಿರಣಿಯ ಹಿತ್ತಿಲಲ್ಲಿ ಒಂದು ಸಣ್ಣ ಡೀಸೆಲ್ ಟ್ರ್ಯಾಕ್ಟರ್ ಮೂಲೆ ಹಿಡಿದಿತ್ತು. ಅದರ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಸಾಹುಕಾರರನ್ನು ಕಾಡಿ ಬೇಡಿ ಅದನ್ನು ಕೊಂಡು, ಕೋಳಿಗಳನ್ನು ಎಬ್ಬಿಸಿ, ಒಬ್ಬ ಮಿಸ್ತ್ರಿಯ ಹತ್ತಿರ ಒಯ್ದ. ಮಿಸ್ತ್ರಿ ರೇಡಿಯೇಟರಿನ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದ. ಬಿಳಿಯ ಸುಣ್ಣದಂಥದ್ದು ಕಿತ್ತು ಬಂತು.

"ದೇಖೋ ಭಾಯ್, ಸವಳು ನೀರು ಕುಡಿಸಿ ಇದರ ಕಥಿ ಮುಗಿಸ್ಯಾರ. ಮೀಠಾ ಪಾನಿ ಹಾಕು. ಇಲ್ಲಾಂದ್ರ ಇಂಜಿನ್ ಬಿಸಿಯಾಗಿ ಜಾಮ್ ಆಗ್ತದ, ಆಮ್ಯಾಲ ನನ್ನ ಕಡಿ ಬರಬ್ಯಾಡ."

ಅಷ್ಟೇ ಆದದ್ದು. ಮಾಮಾ ಗಿರಣಿಯ ಕೆಲಸ ಬಿಟ್ಟು ಟ್ರ್ಯಾಕ್ಟರನ್ನು ಊರಿಗೆ ತಂದು ಬಾಡಿಗೆಗೆ ಹಚ್ಚಿದ. ಅವತ್ತಿನಿಂದ ಅವನ ತಲೆಯಲ್ಲಿ ಟ್ರ್ಯಾಕ್ಟರಿನ ಹೊಟ್ಟೆಯ ಚಿಂತೆ ಬಿಟ್ಟು ಬೇರೆ ಚಿಂತೆ ಉಳಿಯಲಿಲ್ಲ. ಬೆಳಿಗ್ಗೆ ಎದ್ದವನೇ ಮುಖ ತೊಳೆಯದೆ ಹೋಗಿ ಆಯಿಲ್ ನೋಡುವ ಕಡ್ಡಿ ಎಳೆಯುವನು. ಬೆರಳಿಗೆ ಹಚ್ಚಿ ತಿಕ್ಕುವನು, ಮೂಸುವನು. ನಾಲಿಗೆಗೆ ಹಚ್ಚಿಕೊಂಡದ್ದನ್ನೂ ನಾನು ಕಂಡಿದ್ದೇನೆ! ಮನೆಯ ಸಾರಿಗೆ ಉಪ್ಪು ಹೆಚ್ಚಾದರೆ ತಿಳಿಯದ ನಾಲಿಗೆ, ಆಯಿಲ್ ಹಳತಾದರೆ ಹೇಳುತ್ತಿತ್ತು. ದಾರಿಯಲ್ಲಿ ಬೇವಿನ ಮರ ಕಂಡಲ್ಲೆಲ್ಲ ಗಾಡಿ ನಿಲ್ಲಿಸುವನು. ಮಂದಿ ಬಿಸಿಲಲ್ಲಿ ನಿಲ್ಲಬೇಕು, ನೆರಳು ಟ್ರ್ಯಾಕ್ಟರಿಗೆ.

ಒಮ್ಮೆ ದೇವದುರ್ಗಕ್ಕೆ ಮದುವೆಯ ದಿಬ್ಬಣ ಹೊರಟಿತ್ತು. ಹೆಣ್ಣಿನ ಕಡೆಯವರು ಭಕ್ತಿ ಹೆಚ್ಚಾಗಿ ಟ್ರ್ಯಾಕ್ಟರಿನ ಮೂತಿಗೆ ದಪ್ಪನೆಯ ಚೆಂಡುಹೂವಿನ ಮಾಲೆಗಳನ್ನು ಹೇರಿಬಿಟ್ಟಿದ್ದರು. ಫ್ಯಾನು ಎಸಳುಗಳನ್ನೆಲ್ಲ ಒಳಗೆ ಎಳೆದುಕೊಂಡಿತು, ರೇಡಿಯೇಟರಿನ ಸಂದುಗಳೆಲ್ಲ ಮುಚ್ಚಿದವು, ಅರ್ಧ ದಾರಿಯಲ್ಲಿ ಬುಸ್ಸೆಂದು ಹಬೆ ಎದ್ದಿತು. ಮಾಮಾ ಮದುಮಗಳ ಸೋದರತ್ತೆಯ ಮುಂದೆ ಕೈ ಒಡ್ಡಿದ.

"ಯಕ್ಕಾ, ನಿನ್ನ ತಲಿಪಿನ್ನು ಕೊಡು."

"ಮುಹೂರ್ತ ಮೀರಾಕತ್ತದ, ಪಿನ್ನು ಯಾಕಪಾ?"

"ನಿಮ್ಮ ಭಕ್ತಿ ಹೊರಗ ತೆಗೀಬೇಕು."

ಒಂದೊಂದೇ ಎಸಳು ಕಿತ್ತ. ಅರ್ಧ ದಿಬ್ಬಣ ತಲೆಯ ಪಿನ್ನು ಬಿಚ್ಚಿ ಅವನ ಜೊತೆ ಕೂತಿತು. ಹೆಂಗಸರೆಲ್ಲ ಕೂದಲು ಕೆದರಿಕೊಂಡೇ ಮದುವೆ ಮನೆಗೆ ಇಳಿದದ್ದನ್ನು ಕಂಡು ಗಂಡಿನ ಕಡೆಯವರು ದಾರಿಯಲ್ಲಿ ಏನೋ ಜಗಳವಾಗಿದೆ ಎಂದುಕೊಂಡರಂತೆ.

ನಗೆಯೆಲ್ಲ ಹೊರಗೆ. ಮನೆಯಲ್ಲಿ ಬೇರೆ ಕಥೆ. ಅಜ್ಜಿ ಅರ್ಧ ದಿನ ಕಾದು ತಂದ ಸಿಹಿನೀರಿನ ಕೊಡವನ್ನು ಮಾಮಾ ಎತ್ತಿಕೊಂಡು ಹೋಗಿ ರೇಡಿಯೇಟರಿಗೆ ಸುರಿಯುತ್ತಿದ್ದ. ರಾಯಚೂರಿನಲ್ಲಿ ಶಾಲಾ ಮಾಸ್ತರನಾಗಿದ್ದ ನಾನು ರಜೆಗೆ ಬಂದಿದ್ದಾಗ ಒಂದು ದಿನ ಅಜ್ಜಿಯ ತಾಳ್ಮೆ ತೀರಿತು.

"ಮಂದಿ ಕಾಲಿಗೆ ಬಿದ್ದು ತಂದೀನೋ ಆ ನೀರು. ಕಬ್ಬಿಣಕ್ಕ ಕುಡಿಸ್ತೀಯಲ್ಲ, ನಿನಗ ನಾಚಿಕಿ ಅದ ಏನು?"

ಮಾಮಾ ಖಾಲಿ ಕೊಡವನ್ನು ಅಜ್ಜಿಯ ಮುಂದೆ ತಂದಿಟ್ಟ. ಆಮೇಲೆ, "ಇನ್ನ ಮ್ಯಾಲ ನೀ ಅದಕ್ಕ ನೀರು ತರಬ್ಯಾಡವ್ವಾ. ಅದು ತಾನ ಹೋಗಿ ಕುಡೀತದ" ಎಂದ. ಇವನಿಗೆ ಬಿಸಿಲು ನೆತ್ತಿಗೇರಿದೆ ಎಂದುಕೊಂಡೆ.

ನನ್ನ ರಜೆ ಮುಗಿಯುವ ಮುಂಚೆಯೇ ಮುಂಗಾರಿನ ಮೊದಲ ಮಳೆ ಬಿತ್ತು. ಹದ ಆರುವ ಮುಂಚೆ ಹೊಲ ಹರಗಬೇಕು. ಗೌಡರ ಎತ್ತುಗಳು ಕಾಲುಬೇನೆಯಿಂದ ಮಲಗಿದ್ದವು, ಮಾನ್ವಿಯ ಟ್ರ್ಯಾಕ್ಟರುಗಳು ಕರೆದರೂ ಬರುವಂತಿರಲಿಲ್ಲ. ಮಾಮನಿಗೆ ಹೇಳಿಕಳಿಸಿದರು. ಮಾಮಾ ಹೊಲಕ್ಕೆ ಹೋಗುವ ಬದಲು ಟ್ರ್ಯಾಕ್ಟರನ್ನು ನೇರ ಬಾವಿಯ ಕಟ್ಟೆಗೆ ತಾಗಿಸಿ ನಿಲ್ಲಿಸಿದ. ಗೌಡರು ಹೊರಗೆ ಬಂದರು.

"ಇಲ್ಯಾಕ ನಿಂದರಿಸಿದಿ?"

"ರೇಡಿಯೇಟರ್ ನೀರು ಕೇಳಾಕತ್ತದ್ರೀ ಗೌಡ್ರ."

"ನಮ್ಮ ಆಳು ಸೇದಿ ಹಾಕ್ತಾನ ತಗೋ."

"ಆಗಂಗಿಲ್ರೀ. ಇಂಜಿನ್ ಬಿಸಿ ಅದ. ಗೊತ್ತಿಲ್ಲದವರು ತಣ್ಣೀರು ಒಮ್ಮಿಗೇ ಸುರದ್ರ ಬ್ಲಾಕ್ ಸೀಳತದ, ನಿಮ್ಮ ಹೊಲ ಹಂಗ ಉಳೀತದ. ನಾನ ಸೇದಬೇಕು, ನಾನ ಹಾಕಬೇಕು. ಬ್ಯಾರೇರ ಕೈ ನೀರು ಇದಕ್ಕ ನಡ್ಯಂಗಿಲ್ರೀ."

"ಏನಲೇ, ನಿನ್ನ ಟ್ರ್ಯಾಕ್ಟರ್ ಮಡಿ ಮಾಡ್ತದೇನು?"

"ಹೌದ್ರೀ. ಭಾಳ ಮಡಿ."

ನಾನು ಟ್ರ್ಯಾಕ್ಟರಿನ ಮಗ್ಗುಲಲ್ಲೇ ನಿಂತಿದ್ದೆ. ಒಂದು ಮಾತು ಹೆಚ್ಚುಕಡಿಮೆಯಾಗಿದ್ದರೆ ಅವತ್ತು ನಮ್ಮ ಕೇರಿಯವರ ಮೇಲೆ ಬಡಿಗೆ ಬೀಳುತ್ತಿತ್ತು. ಗೌಡರು ಆಕಾಶ ನೋಡಿದರು, ಹೊಲದ ದಿಕ್ಕು ನೋಡಿದರು, ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸಿ, "ಲಗೂನ ಸೇದ್ಕೋ" ಎಂದರು. ಮಾಮಾ ಹಗ್ಗ ಹಿಡಿದ. ಗೋಡೆ ನೋಡುತ್ತಿದ್ದರೆ ಏನೂ ನಡೆದಂತಾಗುವುದಿಲ್ಲ ಎನ್ನುವುದು ದೊಡ್ಡವರ ಒಂದು ಪದ್ಧತಿ.

ಆ ಹಂಗಾಮಿನಲ್ಲಿ ಟ್ರ್ಯಾಕ್ಟರಿಗೆ ಎಂಥ ಬಾಯಾರಿಕೆ ಅಂತೀರಿ! ಯಾರ ಹೊಲಕ್ಕೆ ಹೋಗಬೇಕಾದರೂ ಮೊದಲು ಬಾವಿಗೆ ಹೋಗಬೇಕು. ದಾರಿಗೆ ಬೇಕೆಂದು ಟ್ರ್ಯಾಲಿಯಲ್ಲಿ ಕೊಡಗಳೂ ಬಂದವು. "ನಾ ಇಂಜಿನ್ ಬಿಟ್ಟು ಇಳಿಯಂಗಿಲ್ಲ, ನಮ್ಮಾಕಿ ಸೇದ್ತಾಳ್ರೀ" ಎಂದು ಹೆಂಡತಿಯನ್ನು ಇಳಿಸಿದ. ಆಮೇಲೆ ಪಕ್ಕದ ಮನೆಯಾಕೆ, ಅವಳ ನಾದಿನಿ, ನಾದಿನಿಯ ಅತ್ತೆ. ಎಲ್ಲರೂ ಟ್ರ್ಯಾಕ್ಟರಿನ ಮಂದಿಯೇ! ಕೆಲವರು ಗೊಣಗಿದರು, ಒಂದು ಮನೆಯವರು ತಮ್ಮ ಹಗ್ಗ ಬೇರೆ ತಂದರು. ಬಿತ್ತಬೇಕಲ್ಲ, ತಡೆಯಲು ಯಾರೂ ಬರಲಿಲ್ಲ. ಜೋಳದ ರಾಶಿ ಮುಗಿಯುವ ಹೊತ್ತಿಗೆ ನಮ್ಮ ಹೆಂಗಸರು ಟ್ರ್ಯಾಕ್ಟರಿಲ್ಲದೆಯೇ ಹೋಗಿ ಸೇದತೊಡಗಿದ್ದರು, ಬೇರೆ ಹಗ್ಗವೂ ಸವೆದು ಹೋಗಿತ್ತು.

ಅಜ್ಜಿ ಮಾತ್ರ ಹೋಗಲಿಲ್ಲ. "ನನ್ನ ಕೈಲಿ ಆಗಂಗಿಲ್ಲಪಾ" ಎಂದುಬಿಟ್ಟಿದ್ದಳು. ಬಾವಿಯ ಹತ್ತಿರ ಹೋದರೆ ಕಾಲುಗಳು ತಾವಾಗಿಯೇ ದೂರ ನಿಲ್ಲುತ್ತವೆ, ಏನು ಮಾಡಲಿ ಎನ್ನುತ್ತಿದ್ದಳು.

ಮರುವರ್ಷ ಬೇಸಿಗೆಯ ರಜೆಗೆ ನಾನು ಬಂದಾಗ ಮಾಮಾ ಅವಳನ್ನು ಟ್ರ್ಯಾಲಿಗೆ ಹತ್ತಿಸಿ ಬಾವಿಯ ಕಟ್ಟೆಗೆ ಕರೆದುಕೊಂಡು ಬಂದ. ಕೈಹಿಡಿದು ಇಳಿಸಿ ಹಗ್ಗ ಕೊಟ್ಟ.

"ಸೇದಬೇ ಯವ್ವಾ. ಯಾರೂ ಏನೂ ಅನ್ನಂಗಿಲ್ಲ."

ಅಜ್ಜಿ ಸುತ್ತ ನೋಡಿದಳು. ನೀರು ಸೇದುತ್ತಿದ್ದ ಗೌಡರ ಸೊಸೆ ಸ್ವಲ್ಪ ಸರಿದು ಜಾಗ ಕೊಟ್ಟಳು. ಅಜ್ಜಿ ಸೆರಗು ಬಿಗಿದು ಹಗ್ಗ ಎಳೆದಳು. ಬಕೆಟ್ಟು ಮೇಲೆ ಬಂತು. ಕೊಡಕ್ಕೆ ಸುರಿಯಲಿಲ್ಲ, ಕಟ್ಟೆಯ ಮೇಲೆ ಕೂತು, ಬೊಗಸೆಯಲ್ಲಿ ತುಂಬಿಕೊಂಡು ಕುಡಿದಳು. ಕುಡಿದವಳು ಬೆರಗಾಗಿ ಮಗನ ಮುಖ ನೋಡಿದಳು.

"ಇಷ್ಟು ತಣ್ಣಗ ಇರ್ತಾವೇನೋ ಈ ನೀರು? ನಮ್ಮ ಮನಿಗೆ ಬರೋದ್ರಾಗ ಯಾವತ್ತೂ ಕಾದಿರತಿದ್ವಲ್ಲಪಾ."

ಮಾಮಾ ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕೂತು, ತಾನೂ ಬೊಗಸೆ ಒಡ್ಡಿದ. ಅಜ್ಜಿ ಬಕೆಟ್ಟು ಬಗ್ಗಿಸಿ ಅವನ ಕೈಗೆ ನೀರು ಹಾಕಿದಳು.